ಮುರಕಲ್ಲಿನ ನಾಡಿನಲ್ಲಿ ಯಂತ್ರಗಳ ಮಳೆಗಾಲ

ತಲಪಾಡಿಯ ಗಡಿ ದಾಟಿ ದಕ್ಷಿಣಕ್ಕೆ ಹೊರಟ ಪ್ರಯಾಣಿಕನಿಗೆ ಕುಂಜತ್ತೂರು, ಮಂಜೇಶ್ವರ, ಹೊಸಂಗಡಿ, ಉಪ್ಪಳ, ಬಂದ್ಯೋಡು, ಶಿರಿಯ, ಕುಂಬಳೆ, ಮೊಗ್ರಾಲ್ ಎಂಬ ಊರುಗಳು ಒಂದರ ಬೆನ್ನಿಗೊಂದು ಎದುರಾಗುತ್ತವೆ. ಮೊದಲು ರಾಷ್ಟ್ರೀಯ ಹೆದ್ದಾರಿ 17 ಎನಿಸಿ, 2010ರ ಮರುಸಂಖ್ಯೆಯ ಬಳಿಕ 66 ಎನಿಸಿಕೊಂಡ ಈ ದಾರಿ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಬಹುಪಾಲು ಕಡಲಿನ ಮಗ್ಗುಲಲ್ಲೇ ಸಾಗುತ್ತದೆ. ಕೇರಳದೊಳಗೆ ಅದನ್ನು ಆರು ಪಥಗಳಿಗೆ ಅಗಲಿಸುವ ಕಾರ್ಯದ ಮೊದಲ ತುಂಡು ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್. ಈ ಕಾಮಗಾರಿ ನಡೆದ ವರ್ಷಗಳಲ್ಲಿ ಶಾಲಾ ವಾಹನದ ಕಿಟಕಿಯ ಬದಿಗೆ ಕುಳಿತ ಮಕ್ಕಳು ಪಾಠದ ಪುಟಗಳಿಗಿಂತ ಹೆಚ್ಚು ಹೊತ್ತು ನೋಡಿದ್ದು ಹಳದಿ ಮತ್ತು ಕಿತ್ತಳೆ ಬಣ್ಣದ ಯಂತ್ರಗಳನ್ನು. ಗುಡ್ಡದ ಕೆಂಪು ಪಕ್ಕೆ ಸೀಳಿದ್ದು, ಗದ್ದೆಯ ಬಯಲು ಎತ್ತರಿಸಿದ್ದು, ಕಾಸರಗೋಡು ಪೇಟೆಯ ನಡುವೆ ಒಂಟಿ ಕಂಬಗಳ ಸಾಲು ಎದ್ದು ಅದರ ಮೇಲೆ ಮೇಲ್ಸೇತುವೆ ಹಾಸಿದ್ದು, ಎಲ್ಲವೂ ಅವರ ಕಣ್ಣೆದುರಿಗೇ ನಡೆಯಿತು.

ರಸ್ತೆಯನ್ನು ನೋಡಿದವರು ಬಹಳ. ರಸ್ತೆ ಮಾಡುವ ಯಂತ್ರಗಳು ರಾತ್ರಿ ಎಲ್ಲಿ ಮಲಗುತ್ತವೆ, ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗುತ್ತವೆ ಎಂಬುದನ್ನು ನೋಡಿದವರು ಕಡಿಮೆ. ಅದಕ್ಕೆ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿಯಬೇಕು. ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕಗಳ ಕಡೆಗೆ ಏರುತ್ತ ಹೋಗುವ ರಸ್ತೆಯ ಎರಡೂ ಪಕ್ಕಗಳಲ್ಲಿ ಮುರಕಲ್ಲಿನ ಬೋಳು ಹಾಸುಗಳಿವೆ. ಅನಂತಪುರದ ಸರೋವರ ದೇವಾಲಯ ಇರುವುದೂ ಇಂಥದೇ ಹಾಸಿನ ತಗ್ಗಿನಲ್ಲಿ. ಬೇಸಗೆಯಲ್ಲಿ ಕಾದ ಕಾವಲಿಯಂತಿರುವ ಈ ನೆಲ ಜೂನ್ ತಿಂಗಳ ಎರಡು ಮಳೆಗೆ ಹಸುರು ಹೊದೆಯುತ್ತದೆ. ಹಾಗೆ ಹಸುರು ಹೊದ್ದ ಒಂದು ಹಾಸಿನ ಅಂಚಿನಲ್ಲಿ, ತಗಡಿನ ಚಪ್ಪರ ಮತ್ತು ಕೆಲವು ಗೇರುಮರಗಳ ನಡುವೆ, ಎಂಟು ಹತ್ತು ಯಂತ್ರಗಳು ನಿಲ್ಲುವ ಅಂಗಳವೊಂದಿದೆ. ಹೆಸರಿನ ಫಲಕವಿಲ್ಲ. ಊರಿನವರು ಅದನ್ನು 'ಹಿಟಾಚಿ ನಿಲ್ಲುವ ಜಾಗ' ಎನ್ನುತ್ತಾರೆ.

ಈ ಹೆಸರುಗಳೇ ಒಂದು ಸ್ವಾರಸ್ಯ. ಟೈರುಗಳ ಮೇಲೆ ಓಡುವ, ಮುಂದೆ ಸಲಿಕೆ ಹಿಂದೆ ತೋಡುವ ಕೈ ಇರುವ ಯಂತ್ರ ಯಾವ ಕಂಪೆನಿಯದಾದರೂ ಜನರ ಬಾಯಲ್ಲಿ ಅದು 'ಜೆಸಿಬಿ'. ಚೈನಿನ ಮೇಲೆ ನಡೆಯುವ, ಸುತ್ತಲೂ ತಿರುಗುವ ಯಂತ್ರದ ಮೈಮೇಲೆ ಬೇರಾವ ಹೆಸರು ಬರೆದಿದ್ದರೂ ಅದು 'ಹಿಟಾಚಿ'. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲಿಷಿನವನ ಹೆಸರಿನ ಮೂರು ಮೊದಲಕ್ಷರಗಳು ಎಣ್ಮಕಜೆಯ ಅಜ್ಜಿಯ ಮಾತಿನಲ್ಲಿಯೂ ಸಲೀಸಾಗಿ ಸೇರಿಕೊಂಡಿವೆ. ಕಾನೂನಿನ ಕಣ್ಣಿಗೆ ಮಾತ್ರ ಇವೆರಡೂ ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಟೈರಿನ ಮೇಲೆ ರಸ್ತೆಗಿಳಿಯುವ ಇಂಥ ಯಂತ್ರಗಳನ್ನು 'ನಿರ್ಮಾಣ ಸಲಕರಣೆ ವಾಹನ' ಎಂದು ಗುರುತಿಸುತ್ತವೆ. ಅವುಗಳ ಮುಖ್ಯ ಕೆಲಸ ರಸ್ತೆಯ ಹೊರಗೆ. ರಸ್ತೆಯಲ್ಲಿ ಓಡುವುದು ಪ್ರಾಸಂಗಿಕ, ಅದೂ ಗಂಟೆಗೆ 50 ಕಿಲೋಮೀಟರ್ ಮೀರದಂತೆ. ಚೈನಿನ ಯಂತ್ರಕ್ಕೆ ಡಾಂಬರಿನ ಮೇಲೆ ನಡೆಯುವ ಭಾಗ್ಯವಿಲ್ಲ. ಅದು ಮದುಮಗಳಂತೆ ಟ್ರೈಲರ್ ಏರಿಯೇ ಊರಿಂದೂರಿಗೆ ಹೋಗಬೇಕು.

ಇಲ್ಲಿನ ಯಂತ್ರಗಳ ಆರೋಗ್ಯವನ್ನು ತಿಳಿಯಬೇಕಾದರೆ ಮೊದಲು ಇಲ್ಲಿನ ಕಲ್ಲನ್ನು ತಿಳಿಯಬೇಕು. 1800-1801ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸ ಗ್ರಂಥವನ್ನು 1807ರಲ್ಲಿ ಪ್ರಕಟಿಸಿದ. ಮಲಪ್ಪುರದ ಅಂಗಾಡಿಪುರದಲ್ಲಿ ಕಂಡ ಕೆಂಪು ಕಲ್ಲಿಗೆ ಅವನು 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ ಅದನ್ನು ತೆಗೆದುಕೊಂಡ. ಇಲ್ಲಿಯ ಜನ ಅದನ್ನು 'ಇಟ್ಟಿಗೆ ಕಲ್ಲು' ಎನ್ನುವುದನ್ನೂ ಅವನು ದಾಖಲಿಸಿದ್ದಾನೆ. ಹೊಸದಾಗಿ ಕಡಿದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಅದೇ ಗುಣವನ್ನು ನಂಬಿ ಈ ನಾಡಿನ ಹಿರಿಯರು ಗುದ್ದಲಿ ಹಾರೆಗಳಿಂದ ಗುಡ್ಡದೊಳಕ್ಕೆ ಹತ್ತಾರು ಮೀಟರ್ ಸುರಂಗ ಕೊರೆದು ನೀರು ತಂದರು. ಒಬ್ಬ ಮನುಷ್ಯ ಮೈ ಹಿಡಿಯಾಗಿಸಿ ತೂರುವಷ್ಟೇ ಅಗಲದ ಆ ಬಿಲಗಳಲ್ಲಿ ಇಂದಿಗೂ ಹಲವು ತೋಟಗಳ ಜೀವಜಲವಿದೆ. ಸುರಂಗ ಕೊರೆಯುವವನು ದೀಪದ ಕುಡಿ ಸಣ್ಣದಾಗುವುದನ್ನು ನೋಡಿ ಉಸಿರಿನ ಗಾಳಿ ಎಷ್ಟಿದೆ ಎಂದು ಅರಿಯುತ್ತಿದ್ದ. ಯಂತ್ರದವನು ನೋಡಬೇಕಾದ ಕುರುಹುಗಳು ಬೇರೆ, ಆದರೆ ನೋಡದೆ ಮುಂದುವರಿದರೆ ಇಬ್ಬರಿಗೂ ಅಪಾಯವೇ.

ಮುರಕಲ್ಲಿನ ಧೂಳು ಹಿಟ್ಟಿನಷ್ಟು ನಯ. ಬೇಸಗೆಯಲ್ಲಿ ಅದು ಎಂಜಿನ್ನಿನ ಗಾಳಿಸೋಸಕದಲ್ಲಿ, ರೇಡಿಯೇಟರಿನ ಸಂದುಗಳಲ್ಲಿ, ಗ್ರೀಸ್ ಹಚ್ಚಿದ ಪ್ರತಿಯೊಂದು ಕೀಲಿನಲ್ಲಿ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದೇ ಧೂಳು ಅಂಟಿನ ಕೆಸರಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ಯಂತ್ರಕ್ಕೆ ಎರಡೇ ಋತುಗಳು: ಧೂಳಿನದು ಮತ್ತು ತುಕ್ಕಿನದು.

ಜೂನ್ ಕೊನೆಯಿಂದ ಅಂಗಳ ತುಂಬುತ್ತದೆ. ಮಣ್ಣಿನ ಕೆಲಸ ಸುರಿಮಳೆಗೆ ನಿಲ್ಲುವುದರಿಂದ ಚೈನಿನ ಯಂತ್ರಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಅವುಗಳ ಯಜಮಾನಿಕೆ ಮಾಲೀಕರದಾದರೂ ಆಳ್ವಿಕೆ ಒಬ್ಬ ಮೆಕ್ಯಾನಿಕ್‌ನದು. ಅರುವತ್ತರ ಅಂಚಿನ ಈ ಮನುಷ್ಯನನ್ನು ಎಲ್ಲರೂ 'ಆಶಾನ್' ಎಂದೇ ಕರೆಯುತ್ತಾರೆ. ಮಲೆಯಾಳದಲ್ಲಿ ಗುರುವಿಗೂ ಮೇಸ್ತ್ರಿಗೂ ಸಲ್ಲುವ ಮಾತು ಅದು. ಅವನ ಕೈಕೆಳಗೆ ಹತ್ತೊಂಬತ್ತರ ಒಬ್ಬ ಹುಡುಗನಿದ್ದಾನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಬಳಿಕ ಎರಡು ವರ್ಷ ಐಟಿಐ. ಯಂತ್ರ ನಡೆಸುವ ಆಪರೇಟರರಲ್ಲಿ ಇಬ್ಬರು ಝಾರ್ಖಂಡಿನವರು, ಒಬ್ಬ ತಮಿಳುನಾಡಿನವನು. ಮಲೆಯಾಳ, ತುಳು, ಕನ್ನಡ, ಹಿಂದಿ ನಾಲ್ಕೂ ಒಂದೇ ವಾಕ್ಯದಲ್ಲಿ ಬಂದರೂ ಅಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ.

ದಿನದ ಮೊದಲ ವಿಧಿ ಕೀಲಿಕೈ ತಿರುಗಿಸುವುದಕ್ಕೆ ಮುಂಚೆಯೇ ಮುಗಿಯಬೇಕು. ಹುಡುಗ ಯಂತ್ರಕ್ಕೆ ಪ್ರದಕ್ಷಿಣೆ ಬರುತ್ತಾನೆ. ನೆಲದ ಮೇಲೆ ಎಣ್ಣೆಯ ಕಲೆ ಬಿದ್ದಿದೆಯೇ, ಬೋಲ್ಟ್ ಸಡಿಲವಾಗಿದೆಯೇ, ಬಕೆಟಿನ ಹಲ್ಲು ಉದುರಿದೆಯೇ ಎಂದು ನೋಡುತ್ತಾನೆ. ಸಮತಟ್ಟಾದ ನೆಲದಲ್ಲಿ, ಎಂಜಿನ್ ತಣ್ಣಗಿರುವಾಗಲೇ ಡಿಪ್‌ಸ್ಟಿಕ್ ಹೊರಗೆಳೆದು ಒರೆಸಿ ಮತ್ತೆ ಇಳಿಸಿ ಎಣ್ಣೆಯ ಮಟ್ಟ ಓದುತ್ತಾನೆ. ರೇಡಿಯೇಟರಿನ ನೀರನ್ನು ಪಕ್ಕದ ಸಣ್ಣ ಡಬ್ಬಿಯ ಗೆರೆಯಲ್ಲಿ ನೋಡುವುದು, ಬಿಸಿಯಿರುವಾಗ ಮುಚ್ಚಳ ಮುಟ್ಟದಿರುವುದು, ಇದು ಎಲ್ಲ ವಾಹನಗಳಿಗೂ ಇರುವ ನಿಯಮ. ಡೀಸೆಲಿನ ನೀರು ಬೇರ್ಪಡಿಸುವ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿದರೆ ಮಳೆಗಾಲದ ಮುಂಜಾನೆ ಒಂದಿಷ್ಟು ನೀರು ಇಳಿದೇ ಇಳಿಯುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನ ಒಳಗಿನ ಗಾಳಿ ರಾತ್ರಿ ತಂಪಿಗೆ ಬೆವರುತ್ತದೆ. ಆ ಬೆವರು ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿಡಬೇಕೆಂಬ ರೂಢಿ ಹುಟ್ಟಿದ್ದು ಇದಕ್ಕಾಗಿ. ಡೀಸೆಲಿನ ಹಣ ಒಂದು ದಿನ ಮುಂಚೆ ಕೈಬಿಡಲು ಮನಸ್ಸಾಗದ ಮಾಲೀಕರು ಇದನ್ನು ಒಪ್ಪುವುದು ಕಷ್ಟದಿಂದ. ಇಂಜೆಕ್ಟರಿನ ಬಿಲ್ಲು ಬಂದಾಗ ಒಪ್ಪುತ್ತಾರೆ.

ಆಮೇಲೆ ಗ್ರೀಸ್. ಬೂಮ್, ಆರ್ಮ್, ಬಕೆಟ್ ಸೇರುವ ಪ್ರತಿಯೊಂದು ಪಿನ್ನಿಗೂ ಸಣ್ಣದೊಂದು ಮೊಲೆತೊಟ್ಟಿನಂತಹ ಬಾಯಿ ಇದೆ. ಅದನ್ನು ಮೊದಲು ಬಟ್ಟೆಯಿಂದ ಒರೆಸಬೇಕು. ಒರೆಸದೆ ಗನ್ ಒತ್ತಿದರೆ ಬಾಯಿಯ ಮೇಲಿನ ಕೆಂಪು ಮಣ್ಣು ಗ್ರೀಸಿನೊಂದಿಗೆ ಒಳಗೇ ಹೋಗಿ, ಸವೆತ ತಡೆಯಬೇಕಾದ ವಸ್ತುವೇ ಸಾಣೆಯ ಪುಡಿಯಾಗುತ್ತದೆ. ಪಕ್ಕದಿಂದ ಕಪ್ಪಾದ ಹಳೆಯ ಗ್ರೀಸ್ ಹೊರಬಿದ್ದು ಹೊಸದರ ಬಣ್ಣ ಕಾಣುವವರೆಗೆ ಒತ್ತಬೇಕು. ನೀರಿನಲ್ಲಿ, ಕೆಸರಿನಲ್ಲಿ ದುಡಿದ ದಿನ ಬಕೆಟಿನ ಪಿನ್ನುಗಳಿಗೆ ಸಂಜೆಯೇ ಇನ್ನೊಂದು ಸಲ. ಅರ್ಧ ಗಂಟೆಯೂ ಹಿಡಿಯದ, ಯಾರ ಕಣ್ಣಿಗೂ ಬೀಳದ ಕೆಲಸ ಇದು. ಬೀಳದಿರುವುದರಿಂದಲೇ ಮೊದಲು ತಪ್ಪುವುದೂ ಇದೇ.

ಯಂತ್ರದ ಪ್ರಾಯವನ್ನು ವರ್ಷಗಳಲ್ಲಿ ಎಣಿಸುವುದಿಲ್ಲ, ಗಂಟೆಗಳಲ್ಲಿ ಎಣಿಸುತ್ತಾರೆ. ಚಾಲಕನ ಕೋಣೆಯಲ್ಲಿ ಒಂದು ಗಂಟೆ ಮೀಟರ್ ಇದೆ. ಎಂಜಿನ್ ಓಡಿದಷ್ಟು ಹೊತ್ತು ಅದು ಓಡುತ್ತದೆ. ಕಂಪೆನಿಯ ಕೈಪಿಡಿಗಳು 10, 50, 250, 500, 1000, 2000 ಗಂಟೆಗಳೆಂದು ಮೆಟ್ಟಿಲು ಕಟ್ಟಿರುತ್ತವೆ. ಎಂಜಿನ್ ಎಣ್ಣೆ ಮತ್ತು ಅದರ ಸೋಸಕ ಹಳೆಯ ಮಾದರಿಗಳಲ್ಲಿ 250ಕ್ಕೆ, ಹೊಸವುಗಳಲ್ಲಿ ಬಹುಮಟ್ಟಿಗೆ 500ಕ್ಕೆ. ಚೈನು ತಿರುಗಿಸುವ ಗೇರಿನ ಎಣ್ಣೆ ಸಾಮಾನ್ಯವಾಗಿ 2000ಕ್ಕೆ. ಲೆಕ್ಕ ಕಂಪೆನಿಯಿಂದ ಕಂಪೆನಿಗೆ ಬೇರೆ, ಆದ್ದರಿಂದ ಪಕ್ಕದ ಯಂತ್ರದ ಲೆಕ್ಕವನ್ನು ಕದಿಯಬಾರದು. ಧೂಳಿನ ಕೋರೆಯಲ್ಲಿ ದುಡಿಯುವ ಯಂತ್ರಕ್ಕೆ ಕೈಪಿಡಿಯ ಅವಧಿಯೂ ಉದ್ದವೇ. ಗಾಳಿಸೋಸಕವನ್ನು ಟೈರಿಗೆ ಬಡಿದು ಧೂಳು ಉದುರಿಸುವ ದುರಭ್ಯಾಸ ಈ ಕರಾವಳಿಯುದ್ದಕ್ಕೂ ಇದೆ. ಬಡಿದಾಗ ಕಾಗದದ ಮಡಿಕೆ ಎಲ್ಲೋ ಸೂಜಿಮೊನೆಯಷ್ಟು ಹರಿಯುತ್ತದೆ, ಅಲ್ಲಿಂದ ನುಗ್ಗಿದ ಮುರಕಲ್ಲಿನ ಹಿಟ್ಟು ಪಿಸ್ಟನ್ನಿನ ಗೋಡೆಯನ್ನು ಉಜ್ಜುತ್ತದೆ. ಸಾವಿರಗಳ ಸೋಸಕ ಉಳಿಸಲು ಹೋಗಿ ಲಕ್ಷಗಳ ಎಂಜಿನ್ ಬಿಚ್ಚಿದ ಮಾಲೀಕರು ಈ ದಾರಿಯಲ್ಲಿ ಒಬ್ಬಿಬ್ಬರಲ್ಲ.

ಆದರೆ ಇಂಥ ಯಂತ್ರದ ಜೀವ ಎಂಜಿನ್ನಿಗಿಂತ ಹೆಚ್ಚಾಗಿ ಇರುವುದು ಅದರ ಹೈಡ್ರಾಲಿಕ್ ಎಣ್ಣೆಯಲ್ಲಿ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮವಾಗಿ ಹರಡುತ್ತದೆಂಬ ಪಾಸ್ಕಲ್ ನಿಯಮವನ್ನು ಹುಡುಗ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಕನ್ನಡದಲ್ಲೇ ಓದಿದ್ದ. ಪರೀಕ್ಷೆಗೆ ಬರೆದೂ ಇದ್ದ. ಇಪ್ಪತ್ತು ಟನ್ನಿನ ಯಂತ್ರದ ಮಗ್ಗುಲಲ್ಲಿ ನಿಂತಾಗಲೇ ಅದರ ಅರ್ಥ ಪೂರ್ಣವಾಯಿತು. ಕಾರಿನ ಟೈರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಒತ್ತಡವಿದ್ದರೆ ಈ ಯಂತ್ರದ ಪಂಪು ಹೊಮ್ಮಿಸುವುದು 350ರ ಆಸುಪಾಸು. ಬೆರಳ ದಪ್ಪದ ಕೊಳವೆಗಳಲ್ಲಿ ಹರಿಯುವ ಎಣ್ಣೆ ಬಂಡೆಯನ್ನು ಎತ್ತುವುದು ಹೀಗೆ. ಪಂಪು ಮತ್ತು ವಾಲ್ವುಗಳ ಒಳಗಿನ ಸಂದು ಕೆಲವೇ ಮೈಕ್ರಾನುಗಳಷ್ಟಿರುವುದರಿಂದ, ಸುಮಾರು 70 ಮೈಕ್ರಾನ್ ದಪ್ಪದ ತಲೆಗೂದಲಿನ ಹತ್ತನೆಯ ಒಂದು ಭಾಗದಷ್ಟು ಕಣವೂ ಅಲ್ಲಿ ಗೀರು ಹಾಕಬಲ್ಲದು. ಆಶಾನ್ ಟ್ಯಾಂಕಿನ ಮುಚ್ಚಳ ತೆಗೆಯುವ ಮುನ್ನ ಸುತ್ತಲಿನ ಕೆಂಪು ಹುಡಿಯನ್ನು ಒರೆಸಿ, ಕೈ ತೊಳೆದು, ಒಣ ಬಟ್ಟೆ ಹಾಸುವುದನ್ನು ನೋಡಿದವರಿಗೆ ಪೂಜೆಯ ಸಿದ್ಧತೆಯ ನೆನಪಾದರೆ ತಪ್ಪಿಲ್ಲ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಕಪ್ಪಾಗಿ ಸೀದ ವಾಸನೆ ಬಂದರೆ ವಿಪರೀತ ಕಾದಿದೆ.

ಒಂದು ಬೆಳಗ್ಗೆ ಆರ್ಮ್ ಸಿಲಿಂಡರಿಗೆ ಹೋಗುವ ಹೋಸ್ ಪೈಪಿನ ಬಳಿ ಸಣ್ಣ ಮಂಜಿನಂತೆ ಏನೋ ಕಾಣಿಸಿತು. ಎಂಜಿನ್ ಓಡುತ್ತಲೇ ಇತ್ತು. ಎಲ್ಲಿ ಸೋರುತ್ತಿದೆ ಎಂದು ನೋಡಲು ಹುಡುಗ ಕೈ ಚಾಚಿದ.

"ಮೋನೇ, ಕೈ ತೆಗಿ!" ಎಂದು ಆಶಾನ್ ಕೂಗಿದ ದನಿಗೆ ಆಪರೇಟರ್ ಎಂಜಿನ್ನನ್ನೇ ನಿಲ್ಲಿಸಿದ.

"ಬರೀ ಎಣ್ಣೆ ಅಲ್ವಾ ಆಶಾನೇ, ಬಿಸಿ ಕೂಡ ಇಲ್ಲ" ಎಂದ ಹುಡುಗ.

ಆಶಾನ್ ಉತ್ತರವಾಗಿ ತನ್ನ ಎಡಗೈಯ ತೋರುಬೆರಳನ್ನು ಚಾಚಿದ. ಅದು ಮೊದಲ ಗೆಣ್ಣಿನಿಂದ ಮೇಲೆ ಮಡಚುವುದಿಲ್ಲ. ಬಳಿಕ ಹಳೆಯ ರಟ್ಟಿನ ಪೆಟ್ಟಿಗೆಯ ಒಂದು ತುಂಡು ಹರಿದು, ಕೋಲಿನ ತುದಿಗೆ ಸಿಕ್ಕಿಸಿ, ಎಂಜಿನ್ ಮತ್ತೆ ಹಚ್ಚಿಸಿ, ಆ ರಟ್ಟನ್ನು ಪೈಪಿನ ಬಳಿ ಹಿಡಿದ. ಕ್ಷಣದಲ್ಲಿ ರಟ್ಟಿನ ಮೇಲೆ ಎಣ್ಣೆಯ ಗೆರೆ ಕೊರೆದಂತೆ ಮೂಡಿತು.

ಸೂಜಿತೂತಿನಿಂದ ಚಿಮ್ಮುವ ಈ ಎಣ್ಣೆ ಚರ್ಮವನ್ನು ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗಾಯ, ಮೊದಲ ಗಂಟೆಗಳಲ್ಲಿ ನೋವೂ ಹೆಚ್ಚಿರದು. ಅರಿಸಿನ ಹಚ್ಚಿ ಕೆಲಸ ಮುಂದುವರಿಸಿದವರು ಬೆರಳನ್ನು, ಕೆಲವರು ಕೈಯನ್ನೇ ಕಳೆದುಕೊಂಡಿದ್ದಾರೆ. ಇದು ಶಸ್ತ್ರಚಿಕಿತ್ಸೆಯ ತುರ್ತು. ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಸೇರಿದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು, ಯಾಕೆಂದರೆ ಗಾಯ ನೋಡಿದರೆ ಅವರಿಗೂ ಸಣ್ಣದೆನಿಸಬಹುದು. ಕುಂಬಳೆಯಿಂದ ಮಂಗಳೂರಿಗೆ ಸುಮಾರು 40 ಕಿಲೋಮೀಟರ್. 2020ರಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಆ 40 ಕಿಲೋಮೀಟರ್ ಎಷ್ಟು ದೂರವಾಗಬಲ್ಲದೆಂಬುದನ್ನು ಈ ಜಿಲ್ಲೆಯ ಮನೆಮನೆಯೂ ಕಂಡಿದೆ. ಯಂತ್ರದ ಕೆಲಸಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಸಂಬಳ ಎಷ್ಟೆಂದು ಕೇಳುವ ಮೊದಲು ರಟ್ಟಿನ ತುಂಡಿನ ಪಾಠ ಕಲಿಸುವ ಮೇಸ್ತ್ರಿ ಅಲ್ಲಿದ್ದಾನೆಯೇ ಎಂದು ಕೇಳಿದರೆ ಒಳ್ಳೆಯದು. ಎತ್ತಿ ನಿಲ್ಲಿಸಿದ ಬೂಮಿನ ಕೆಳಗೆ ಆಸರೆ ಕೊಡದೆ ನುಸುಳಬಾರದೆಂಬುದೂ ಅದೇ ಪಾಠದ ಇನ್ನೊಂದು ಭಾಗ. ಬೂಮನ್ನು ಎತ್ತಿ ಹಿಡಿದಿರುವುದು ಎಣ್ಣೆ. ಪೈಪು ಒಡೆದರೆ ಅದು ಹೇಳಿಕೇಳಿ ಬೀಳುವುದಿಲ್ಲ.

ಚೈನಿನ ಕಥೆ ಬೇರೆಯೇ. ಚೈನು, ಅದರ ಉರುಳೆಗಳು, ಹಲ್ಲುಚಕ್ರ ಇವೆಲ್ಲ ಸೇರಿದ ಕೆಳಮೈಗೆ ಯಂತ್ರದ ಜೀವಮಾನದ ದುರಸ್ತಿ ಖರ್ಚಿನ ಅರ್ಧದಷ್ಟು ಹೋಗುತ್ತದೆಂಬುದು ಈ ಉದ್ಯೋಗದವರ ವಾಡಿಕೆಯ ಲೆಕ್ಕ. ಬಿಗಿ ಹೆಚ್ಚಾದರೆ ಪಿನ್ನು ಸವೆಯುತ್ತದೆ, ಸಡಿಲವಾದರೆ ತಿರುವಿನಲ್ಲಿ ಚೈನು ಕಳಚುತ್ತದೆ. ಗದ್ದೆಯ ಕೆಸರಿನಲ್ಲಿ ದುಡಿಯುವಾಗ ಸಂದುಗಳಲ್ಲಿ ಮಣ್ಣು ತುಂಬಿ ತಾನಾಗಿಯೇ ಬಿಗಿಯಾಗುವುದರಿಂದ ಅಲ್ಲಿ ತುಸು ಸಡಿಲ ಬಿಡುತ್ತಾರೆ. ಬಿಗಿ ಕೊಡುವುದು ಒಂದು ಸಿಲಿಂಡರಿನೊಳಗೆ ತುಂಬಿದ ಗ್ರೀಸ್. ಅದರ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಸಡಿಲಿಸಿದರೆ ಗ್ರೀಸಿನೊಂದಿಗೆ ವಾಲ್ವೂ ಗುಂಡಿನಂತೆ ಹಾರಬಹುದು. ಅದರ ನೇರಕ್ಕೆ ಮುಖವಿಟ್ಟು ಯಾರೂ ಕೂರುವುದಿಲ್ಲ.

ದೋಷ ಹುಡುಕುವ ವಿದ್ಯೆಯಲ್ಲಿ ಆಶಾನ್ ಪಾಟೀಸವಾಲು ಮಾಡುವ ಹಳೆಯ ವಕೀಲನಂತೆ. ಸಾಕ್ಷಿಯನ್ನು ಬೆದರಿಸುವುದಿಲ್ಲ, ಒಂದೊಂದೇ ಪ್ರಶ್ನೆ ಕೇಳಿ ಉಳಿದ ದಾರಿಗಳನ್ನು ಮುಚ್ಚುತ್ತಾನೆ. ಹೊಗೆ ಕಪ್ಪೋ, ನೀಲಿಯೋ, ಬಿಳಿಯೋ? ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಮಿತಿಮೀರಿದೆ. ನೀಲಿಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಬಿಳಿಯಾಗಿ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಉರಿಯದ ಡೀಸೆಲ್ ಇಲ್ಲವೇ ಒಳಸೇರಿದ ನೀರು. ಯಂತ್ರ ನಿಧಾನವೆಂದರೆ ಎಲ್ಲ ಚಲನೆಗಳೂ ನಿಧಾನವೋ, ಒಂದೇ ಒಂದೋ? ಎಲ್ಲವೂ ನಿಧಾನವಾದರೆ ದೋಷ ಎಲ್ಲರಿಗೂ ಸೇರಿದ ಜಾಗದಲ್ಲಿದೆ: ಎಣ್ಣೆಯ ಮಟ್ಟ, ಪಂಪು, ಎಂಜಿನ್. ಒಂದೇ ಆದರೆ ಆ ದಾರಿಯ ವಾಲ್ವೋ ಸಿಲಿಂಡರೋ. ಬೆಳಗ್ಗೆ ತಣ್ಣಗಿರುವಾಗ ಸರಿಯಿದ್ದು ಮಧ್ಯಾಹ್ನ ಸೋಲುತ್ತದೆಯೇ? ಹಾಗಾದರೆ ಬಿಸಿಗೆ ತೆಳುವಾದ ಎಣ್ಣೆ ಸವೆದ ಸಂದಿನಿಂದ ಹಿಂದಕ್ಕೆ ಜಾರುತ್ತಿದೆ.

ಕೋರೆಯೊಂದರಿಂದ ಬಂದ ಯಂತ್ರದ ಪ್ರಕರಣ ಹೇಳಬೇಕಾದದ್ದು. ಪ್ರತಿದಿನ ಒಂದು ಒಂದೂವರೆ ಗಂಟೆ ಚೆನ್ನಾಗಿ ದುಡಿದು ಎಂಜಿನ್ ಕುಂಟುತ್ತ ನಿಂತುಹೋಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಹಚ್ಚಿದರೆ ಏನೂ ಆಗದಂತೆ ಮತ್ತೆ ಓಡುತ್ತಿತ್ತು. ಡೀಸೆಲ್ ಸೋಸಕ ಬದಲಾಯಿಸಿದರು. ಇಂಜೆಕ್ಟರುಗಳನ್ನು ಬಿಚ್ಚಿ ಮಂಗಳೂರಿಗೆ ಪರೀಕ್ಷೆಗೆ ಒಯ್ದರು. ಮುಂದಿನ ಸರದಿ ಡೀಸೆಲ್ ಪಂಪಿನದು, ಅದರ ಬೆಲೆ ಕೇಳಿ ಮಾಲೀಕರು ಎರಡು ದಿನ ಸುಮ್ಮನಾದರು. ಅಷ್ಟರಲ್ಲಿ ಯಂತ್ರ ಅಂಗಳಕ್ಕೆ ಬಂತು. ಆಶಾನ್ ಅದನ್ನು ನಿಂತಲ್ಲೇ ಓಡಲು ಬಿಟ್ಟು ಚಹಾ ಕುಡಿದ. ಎಂಜಿನ್ ಕುಂಟಲಾರಂಭಿಸಿದೊಡನೆ ಹತ್ತಿ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. 'ಸುಯ್' ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಹುಡುಗನಿಗೂ ಕೇಳಿಸಿತು; ಎಂಜಿನ್ ಚೇತರಿಸಿಕೊಂಡಿತು. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ರಂಧ್ರವನ್ನು ಮುರಕಲ್ಲಿನ ಹುಡಿ ಅಂಟಿ ಮುಚ್ಚಿತ್ತು. ಡೀಸೆಲ್ ಇಳಿದಂತೆ ಒಳಗೆ ಗಾಳಿ ಸೇರದೆ ಟ್ಯಾಂಕು ಎಂಜಿನ್ನಿಗೆ ಡೀಸೆಲ್ ಬಿಡಲೊಲ್ಲದಾಗಿತ್ತು. ಅರ್ಧ ಗಂಟೆ ನಿಂತಾಗ ಹೇಗೋ ನುಸುಳಿದ ಗಾಳಿ ಮತ್ತೆ ದಾರಿ ಮಾಡಿಕೊಡುತ್ತಿತ್ತು. ಡೀಸೆಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಐದು ನಿಮಿಷದ ಕೆಲಸ. ದೊಡ್ಡ ಭಾಗ ಬಿಚ್ಚುವ ಮೊದಲು ಸಣ್ಣದನ್ನು, ಬೆಲೆಯಿಲ್ಲದ್ದನ್ನು ನೋಡಿ ಮುಗಿಸಬೇಕೆಂಬುದು ಈ ವಿದ್ಯೆಯ ವ್ಯಾಕರಣ. ಅದನ್ನು ಮರೆಸುವುದು ಅವಸರ, ಮತ್ತು ಕೆಲವು ಕಡೆ ಬಿಡಿಭಾಗ ಮಾರುವವರ ಆಸೆ.

ಕೆಲಸವಿಲ್ಲದೆ ನಿಂತ ಯಂತ್ರಕ್ಕೂ ಆರೈಕೆ ಬೇಕು. ಸಿಲಿಂಡರುಗಳಿಂದ ಹೊರಗೆ ಚಾಚಿರುವ ಹೊಳೆಯುವ ಕಂಬಿಗಳಿಗೆ ಗ್ರೀಸ್ ಬಳಿಯದಿದ್ದರೆ ಉಪ್ಪು ಗಾಳಿಗೂ ಮಳೆಗೂ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿದು, ಮುಂದಿನ ಋತುವಿನಲ್ಲಿ ಆ ಚುಕ್ಕೆಗಳೇ ರಬ್ಬರಿನ ಸೀಲನ್ನು ಹರಿಯುತ್ತವೆ. ಚೈನಿನ ಕೆಳಗೆ ಹಲಗೆ ಕೊಟ್ಟು ಎತ್ತರದ ಜಾಗದಲ್ಲಿ ನಿಲ್ಲಿಸುತ್ತಾರೆ. ಬ್ಯಾಟರಿಯ ತಂತಿ ಕಳಚುತ್ತಾರೆ. ವಾರಕ್ಕೊಮ್ಮೆ ಹಚ್ಚಿ, ಎಣ್ಣೆ ಬಿಸಿಯಾಗುವವರೆಗೆ ಎಲ್ಲ ಕೀಲುಗಳನ್ನೂ ಆಡಿಸುತ್ತಾರೆ. ಟರ್ಬೊ ಇರುವ ಎಂಜಿನ್ನನ್ನು ಆರಿಸುವ ಮೊದಲು ಮೂರು ನಾಲ್ಕು ನಿಮಿಷ ಮೆಲ್ಲಗೆ ಓಡಲು ಬಿಡುವ ತಾಳ್ಮೆ ಆಪರೇಟರರಲ್ಲಿ ಕಡಿಮೆ. ಆಶಾನ್ ಆ ಹೊತ್ತಿನಲ್ಲಿ ಏಣಿಯ ಬುಡದಲ್ಲಿ ನಿಂತು ಬೀಡಿ ಹಚ್ಚುತ್ತಾನೆ, ಬೀಡಿ ಮುಗಿಯುವವರೆಗೆ ಯಾರೂ ಇಳಿಯುವಂತಿಲ್ಲ. ಮಳೆಗಾಲದ ಇನ್ನೊಬ್ಬ ಶತ್ರು ಇಲಿ. ಬೆಚ್ಚಗಿನ ಎಂಜಿನ್ನಿನ ಪಕ್ಕ ಗೂಡು ಮಾಡಿ ತಂತಿ ಕಡಿದ ಇಲಿಯ ಮುಂದೆ ಯಾವ ಕೈಪಿಡಿಯೂ ನಡೆಯುವುದಿಲ್ಲ.

ಈ ಅಂಗಳದ ಯಂತ್ರಗಳ ಮೇಲಿನ ಎಚ್ಚರಿಕೆಯ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ ಇವೆ. ಇದರಲ್ಲಿ ಒಂದು ವಿಪರ್ಯಾಸ ಇಲ್ಲದಿಲ್ಲ. ಇಂಥ ಯಂತ್ರಗಳು ತಯಾರಾಗುವ ಧಾರವಾಡ, ಕೋಲಾರದ ಚಿನ್ನದ ಗಣಿ ಪ್ರದೇಶ, ಬೆಂಗಳೂರುಗಳು ಕನ್ನಡದ ಊರುಗಳೇ. ಹುಡುಗ ತನಗಾಗಿ 200 ಪುಟದ ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದಾನೆ. ಪ್ರತಿ ಯಂತ್ರಕ್ಕೂ ಹತ್ತು ಪುಟ. ದಿನಾಂಕ, ಗಂಟೆ ಮೀಟರಿನ ಅಂಕೆ, ಏನು ನೋಡಿದೆ, ಏನು ಹಾಕಿದೆ, ಏನು ಬದಲಾಯಿಸಿದೆ ಎಲ್ಲವೂ ಕನ್ನಡದಲ್ಲಿ. 'ಬಲ ಚೈನು ಎಡಕ್ಕಿಂತ ಸಡಿಲ, ಎರಡು ಬೆರಳು.' 'ಬೂಮ್ ತಾನಾಗಿ ಇಳಿಯುತ್ತದೆ, ಹತ್ತು ನಿಮಿಷಕ್ಕೆ ಒಂದು ಗೇಣು.' ಆಶಾನ್‌ಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಸಂಶಯ ಬಂದಾಗ "ಓದು ಮೋನೇ" ಎನ್ನುತ್ತಾನೆ. ಹುಡುಗ ಓದಿ ಹೇಳುತ್ತಾನೆ. ಮನೆಯಲ್ಲಿ ಮಗ ಹತ್ತು ವರ್ಷ ಕನ್ನಡ ಕಲಿತು ಏನು ಬಂತು ಎಂದು ನೆಂಟರು ಕೇಳಿದಾಗ ಅವನ ತಾಯಿ ಈ ಪುಸ್ತಕದ ಮಾತು ಎತ್ತುವುದಿಲ್ಲ. ಅದು ಎತ್ತುವಂಥದ್ದೆಂದು ಅವರಿಗೆ ಯಾರೂ ಹೇಳಿಲ್ಲ.

ಮಾಲೀಕರಿಗೆ ಅದರ ಬೆಲೆ ತಿಳಿದದ್ದು ಬಾಡಿಗೆಯ ತಕರಾರೊಂದರಲ್ಲಿ. ಬಾಡಿಗೆಗೆ ಒಯ್ದ ಗುತ್ತಿಗೆದಾರನೊಬ್ಬ ಯಂತ್ರ ಕೊಡುವಾಗಲೇ ಪಂಪು ಕೆಟ್ಟಿತ್ತು, ಆದ್ದರಿಂದ ನಿಂತ ದಿನಗಳ ನಷ್ಟ ತನಗೆ ಬರಬೇಕು ಎಂದ. 1872ರ ಭಾರತೀಯ ಕರಾರು ಕಾಯ್ದೆಯ 150ನೆಯ ಕಲಮು ಇಲ್ಲಿ ಮಾಲೀಕರಿಗೆ ಕಠಿಣವಾಗಿದೆ. ಬಾಡಿಗೆಗೆ ಕೊಟ್ಟ ವಸ್ತುವಿನಲ್ಲಿ ದೋಷವಿದ್ದು ಅದರಿಂದ ಹಾನಿಯಾದರೆ, ದೋಷ ತನಗೆ ತಿಳಿದಿರಲಿಲ್ಲವೆಂದು ಹೇಳಿ ಕೊಟ್ಟವನು ಪಾರಾಗುವಂತಿಲ್ಲ. 151ನೆಯ ಕಲಮು ಪಡೆದವನ ಕಡೆ ನೋಡುತ್ತದೆ: ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವಿಗೆ ತೋರುವಷ್ಟು ಜಾಗ್ರತೆಯನ್ನು ಅವನು ತೋರಬೇಕು. ಆಪರೇಟರನನ್ನೂ ಜೊತೆಗೆ ಕಳುಹಿಸಿದ್ದರೆ ಯಂತ್ರ ನಿಜವಾಗಿ ಯಾರ ವಶದಲ್ಲಿತ್ತು ಎಂಬ ಪ್ರಶ್ನೆ ಬೇರೆ ಏಳುತ್ತದೆ, ಆ ಒಂದು ಪ್ರಶ್ನೆಯ ಮೇಲೆಯೇ ವರ್ಷಗಳು ಕಳೆಯಬಹುದು. ಇಂಥ ಜಗಳಗಳಲ್ಲಿ ಎರಡೂ ಕಡೆಯವರಿಗೆ ನೆನಪು ತಮಗೆ ಬೇಕಾದಷ್ಟೇ ಇರುತ್ತದೆ. ಅಂದಂದೇ ಬರೆದಿಟ್ಟ ಬರಹ ಯಾರ ಮುಲಾಜಿಗೂ ಬದಲಾಗುವುದಿಲ್ಲ. ಅದು ಕನ್ನಡದಲ್ಲಿದ್ದರೆ ಭಾಷಾಂತರ ಮಾಡಿಸಿದರಾಯಿತು, ಬರೆಯದೇ ಇದ್ದದ್ದನ್ನು ಭಾಷಾಂತರಿಸಲು ಬಾರದು. ಯಂತ್ರ ಅಂಗಳ ಬಿಟ್ಟ ದಿನದ ಪುಟದಲ್ಲಿ ಎಣ್ಣೆಯ ಬಣ್ಣ, ಮಟ್ಟ, ಎಲ್ಲ ಚಲನೆಗಳನ್ನೂ ಆಡಿಸಿ ನೋಡಿದ ವಿವರ ಇತ್ತು. ಹಿಂದಿರುಗಿದ ದಿನದ ಪುಟದಲ್ಲಿ ಹೈಡ್ರಾಲಿಕ್ ಟ್ಯಾಂಕಿನಲ್ಲಿ ಬೇರೆ ಬಣ್ಣದ ಎಣ್ಣೆ ಸುರಿದಿರುವುದು ಇತ್ತು. ಹುಡುಗ ಎರಡೂ ಪುಟಗಳನ್ನು ಓದಿದ. ಮಾತು ಕಚೇರಿಯವರೆಗೆ ಹೋಗದೆ ಅಂಗಳದಲ್ಲೇ, ಎರಡು ಗ್ಲಾಸು ಚಹಾದೊಂದಿಗೆ ಮುಗಿಯಿತು. ಅಲ್ಲಿಂದ ಮುಂದೆ ನೋಟುಪುಸ್ತಕದ ಖರ್ಚು ಮಾಲೀಕರದು.

ಸೆಪ್ಟೆಂಬರ್ ಮಧ್ಯಕ್ಕೆ ಮಳೆಯ ನಡುವೆ ಬಿಸಿಲು ಇಣುಕತೊಡಗಿದಾಗ ಮೊದಲ ಟ್ರೈಲರ್ ಬರುತ್ತದೆ. ಯಂತ್ರ ಅದರ ಇಳಿಜಾರನ್ನು ನೇರವಾಗಿ, ತಿರುಗದೆ ಏರಬೇಕು. ಏರಿದ ಮೇಲೆ ಬಕೆಟನ್ನು ಮಡಚಿ ತಳಕ್ಕೆ ಊರಿಸಿ, ಚೈನಿಗೆ ದಿಮ್ಮಿಗಳನ್ನು ಕೊಟ್ಟು, ನಾಲ್ಕೂ ಮೂಲೆಗೆ ಸರಪಣಿ ಬಿಗಿಯುತ್ತಾರೆ. ದಾರಿಯಲ್ಲಿ ತಗ್ಗಿ ಬಂದ ವಿದ್ಯುತ್ ತಂತಿಗಳಿವೆ ಎಂದು ಆಪರೇಟರ್ ಹಿಂದಿಯಲ್ಲಿ ಎಚ್ಚರಿಸುತ್ತಾನೆ. ಹುಡುಗ ಚಾಲಕನ ಕೋಣೆಗೆ ಹತ್ತಿ ಮೀಟರ್ ನೋಡಿ ಇಳಿದು ಬಂದು, ಟ್ರೈಲರಿನ ಚಕ್ರದ ಮೇಲೆ ಪುಸ್ತಕವಿಟ್ಟು ಬರೆಯುತ್ತಾನೆ: 6,412 ಗಂಟೆ, ಗ್ರೀಸ್ ಪೂರ್ಣ, ಎಡ ಚೈನಿನ ಮೂರನೆಯ ಉರುಳೆ ತುಸು ಸೋರುತ್ತಿದೆ, 50 ಗಂಟೆಯ ಬಳಿಕ ಮತ್ತೆ ನೋಡಬೇಕು.